ಶಿಬಿರದ ಮರುದಿನ: ವಿಶ್ವವಿದ್ಯಾಲಯದ ನೌಕರರ ಆರೋಗ್ಯ ಕಾರ್ಯಕ್ರಮ ಯಾವ ಕಡೆಗೆ ಬೆಳೆಯಬೇಕು?

ನೌಕರರ ಆರೋಗ್ಯ ಕಾರ್ಯಕ್ರಮ ಎಂದೊಡನೆ ಬಳ್ಳಾರಿ, ರಾಯಚೂರು, ಕೊಪ್ಪಳದ ನಮ್ಮ ಭಾಗದ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ನೆನಪಿಗೆ ಬರುವುದು ಒಂದು ದಿನದ ಉಚಿತ ತಪಾಸಣಾ ಶಿಬಿರ ಮತ್ತು ಜೂನ್ 21ರ ಯೋಗ ದಿನಾಚರಣೆ. ಶಿಬಿರದಲ್ಲಿ ಬಿಪಿ ನೋಡುತ್ತಾರೆ, ಬೆರಳಿಗೆ ಸೂಜಿ ಚುಚ್ಚಿ ಶುಗರ್ ನೋಡುತ್ತಾರೆ, ತೂಕ ಬರೆದುಕೊಳ್ಳುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಬ್ಯಾನರ್ ಇಳಿಯುತ್ತದೆ. ಬಿಪಿ 160 ಬಂದ ಗುಮಾಸ್ತರ ಕೈಯಲ್ಲಿ ‘ವೈದ್ಯರನ್ನು ಕಾಣಿ’ ಎಂಬ ಚೀಟಿ ಉಳಿಯುತ್ತದೆ. ಅವರು ವೈದ್ಯರನ್ನು ಕಂಡರೇ, ಗುಳಿಗೆ ಆರಂಭಿಸಿದರೇ, ಮೂರು ತಿಂಗಳ ಬಳಿಕ ಬಿಪಿ ಇಳಿಯಿತೇ ಎಂದು ಕೇಳುವ ಹೊಣೆ ಯಾರಿಗೂ ವಹಿಸಿರುವುದಿಲ್ಲ. ಕಾರ್ಯಕ್ರಮವನ್ನು ವಿಸ್ತರಿಸಬೇಕೆಂಬ ಮಾತು ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಸಭೆಗೆ ಬಂದಾಗ ವರ್ಷಕ್ಕೆ ಒಂದಿದ್ದ ಶಿಬಿರವನ್ನು ಎರಡು ಮಾಡುವ ಪ್ರಸ್ತಾವ ಸಿದ್ಧಪಡಿಸುವುದು ಸುಲಭ. ಆದರೆ ವಿಸ್ತರಣೆ ಆಗಬೇಕಾದದ್ದು ಶಿಬಿರದ ಮರುದಿನದಿಂದ ಆಚೆಗೆ, ಮತ್ತು ಶಿಬಿರದ ಸಾಲಿನಲ್ಲಿ ಎಂದೂ ನಿಲ್ಲದೇ ಉಳಿದವರ ಕಡೆಗೆ.

ಶಿಬಿರಗಳಿಗೇ ಒಲವು ಹೆಚ್ಚಾಗಲು ಕಾರಣವಿದೆ. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದ ಆರನೆಯ ಮಾನದಂಡದಡಿ, ಬೋಧಕ ಮತ್ತು ಬೋಧಕೇತರ ಸಿಬ್ಬಂದಿಗೆ ಸಂಸ್ಥೆ ಕೈಗೊಂಡ ಕಲ್ಯಾಣ ಕ್ರಮಗಳು ಯಾವುವು ಎಂದು ಕೇಳುತ್ತ ಬರಲಾಗಿದೆ. ಶಿಬಿರಕ್ಕೆ ಸುತ್ತೋಲೆ ಇರುತ್ತದೆ, ಸಹಿಪಟ್ಟಿ ಇರುತ್ತದೆ, ಛಾಯಾಚಿತ್ರ ಇರುತ್ತದೆ. ನಿಯಂತ್ರಣಕ್ಕೆ ಬಂದ ಬಿಪಿಗೆ ಛಾಯಾಚಿತ್ರ ತೆಗೆಯಲಾಗದು. ಇನ್ನೊಂದು ಕಡೆ, ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ದೈಹಿಕ ಮತ್ತು ಮಾನಸಿಕ ಸ್ವಾಸ್ಥ್ಯದ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಕೇಂದ್ರದಲ್ಲಿರುವವರು ವಿದ್ಯಾರ್ಥಿಗಳು. ಅದು ಸರಿಯೇ. ಆದರೆ ಅದೇ ಆವರಣದಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿಯುವ ನೌಕರರ ಆರೋಗ್ಯದ ಬಗ್ಗೆ ಅಷ್ಟೇ ಸ್ಪಷ್ಟವಾದ ಚೌಕಟ್ಟನ್ನು ಪ್ರತಿಯೊಂದು ವಿಶ್ವವಿದ್ಯಾಲಯವೂ ತಾನೇ ಕಟ್ಟಿಕೊಳ್ಳಬೇಕಾಗಿದೆ.

ಹಾಗೆ ಕಟ್ಟಿಕೊಳ್ಳುವವರು ಮೊದಲು ತಿಳಿದಿರಬೇಕಾದ ಅಧ್ಯಯನವೊಂದಿದೆ, ಮತ್ತು ಅದು ನಡೆದದ್ದೂ ಒಂದು ವಿಶ್ವವಿದ್ಯಾಲಯದ ನೌಕರರ ಮೇಲೆಯೇ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ ಆರಂಭಿಸಿದ ಸ್ವಾಸ್ಥ್ಯ ಕಾರ್ಯಕ್ರಮಕ್ಕೆ 4,834 ನೌಕರರನ್ನು ಸೇರಿಸಿಕೊಂಡು, ಚೀಟಿ ಎತ್ತಿದ ರೀತಿಯಲ್ಲಿ ಅವರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ತಪಾಸಣೆ, ಆರೋಗ್ಯ ಪ್ರಶ್ನಾವಳಿ, ವ್ಯಾಯಾಮ ಮತ್ತು ಒತ್ತಡ ನಿರ್ವಹಣೆಯ ತರಗತಿಗಳು, ಭಾಗವಹಿಸಿದವರಿಗೆ ನಗದು ಪ್ರೋತ್ಸಾಹ ಎಲ್ಲವನ್ನೂ ಒದಗಿಸಲಾಯಿತು. ಇನ್ನೊಂದು ಗುಂಪಿಗೆ ಇವು ಯಾವುವೂ ಇರಲಿಲ್ಲ. ಫಲಿತಾಂಶ ನೋಡಿದಾಗ ಎರಡೂ ಗುಂಪುಗಳ ವೈದ್ಯಕೀಯ ವೆಚ್ಚದಲ್ಲಿ, ಗೈರುಹಾಜರಿಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ತಪಾಸಣೆ ಮಾಡಿಸಿಕೊಂಡವರ ಪ್ರಮಾಣ ಹೆಚ್ಚಿತು, ತಮ್ಮ ಆರೋಗ್ಯದ ಬಗ್ಗೆ ಆಡಳಿತಕ್ಕೆ ಕಾಳಜಿ ಇದೆ ಎಂಬ ಭಾವನೆ ನೌಕರರಲ್ಲಿ ಹೆಚ್ಚಿತು, ಅಷ್ಟೇ. ಇದಕ್ಕಿಂತ ಮುಖ್ಯವಾದ ಅಂಶ ಇನ್ನೊಂದು: ಸೌಲಭ್ಯವಿದ್ದ ಗುಂಪಿನಲ್ಲಿಯೂ ತಾವಾಗಿ ಮುಂದೆ ಬಂದು ಭಾಗವಹಿಸಿದವರು ಕಾರ್ಯಕ್ರಮ ಆರಂಭವಾಗುವ ಮೊದಲೇ ಉಳಿದವರಿಗಿಂತ ಕಡಿಮೆ ವೈದ್ಯಕೀಯ ಖರ್ಚಿನ, ಹೆಚ್ಚು ಆರೋಗ್ಯವಂತ ಜನರಾಗಿದ್ದರು. ಬಂದವರನ್ನೂ ಬಾರದವರನ್ನೂ ಸುಮ್ಮನೆ ಹೋಲಿಸಿದ್ದರೆ ಕಾರ್ಯಕ್ರಮ ಅದ್ಭುತವಾಗಿ ಯಶಸ್ವಿಯಾಯಿತು ಎಂದೇ ವರದಿ ಬರೆಯಬಹುದಿತ್ತು. ನಮ್ಮಲ್ಲಿನ ಬಹುಪಾಲು ವರದಿಗಳು ಇಂತಹ ಹೋಲಿಕೆಯನ್ನೂ ಮಾಡುವುದಿಲ್ಲ, ಬಂದವರ ತಲೆ ಎಣಿಸಿ ಮುಗಿಸುತ್ತವೆ ಎಂಬುದು ಬೇರೆ ಮಾತು.

ಅಮೆರಿಕದ ಫಲಿತಾಂಶವನ್ನು ರಾಯಚೂರಿಗೆ ಹಾಗೆಯೇ ತಂದು ಹಚ್ಚಲಾಗದು. ಅಲ್ಲಿ ನೌಕರರಿಗೆ ವಿಮೆ ಮೊದಲೇ ಇತ್ತು, ಕಾಯಿಲೆ ಇದ್ದವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೂ ಇತ್ತು. ಇಲ್ಲಿ ಬಿಪಿ, ಶುಗರ್ ಇದ್ದೂ ಅದನ್ನು ಅರಿಯದೇ ಇರುವವರು ಬಹಳ, ಆದ್ದರಿಂದ ಪತ್ತೆ ಹಚ್ಚುವ ಕೆಲಸಕ್ಕೆ ಇಲ್ಲಿ ಹೆಚ್ಚಿನ ಬೆಲೆಯಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೆರವಿನಿಂದ ದೇಶದಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹ, 15.3 ಮಂದಿಗೆ ಮಧುಮೇಹದ ಪೂರ್ವಸ್ಥಿತಿ, 35.5 ಮಂದಿಗೆ ಅಧಿಕ ರಕ್ತದೊತ್ತಡ ಇದೆ. ಈ ರಾಷ್ಟ್ರೀಯ ಸರಾಸರಿಯನ್ನೇ ಹಿಡಿದರೂ ಐನೂರು ಮಂದಿ ದುಡಿಯುವ ಆವರಣದಲ್ಲಿ ಬಿಪಿ ಇರುವವರು ಸುಮಾರು 175 ಜನ, ಸಕ್ಕರೆ ಕಾಯಿಲೆಯವರು ಐವತ್ತೈದರಿಂದ ಅರವತ್ತು ಜನ ಆಗುತ್ತಾರೆ. ಇವರನ್ನು ಹುಡುಕುವುದು ಒಂದು ದಿನದ ಕೆಲಸ; ಇವರ ಬಿಪಿಯನ್ನು, ಶುಗರನ್ನು ಹತೋಟಿಯಲ್ಲಿಡುವುದು ವರ್ಷದ ಅಷ್ಟೂ ತಿಂಗಳ ಕೆಲಸ.

ಈ ವರ್ಷವಿಡೀ ನಡೆಯುವ ಕೆಲಸ ಹೇಗಿರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಶಿಬಿರದಲ್ಲಿ ಒಮ್ಮೆ 140/90 ಅಥವಾ ಅದಕ್ಕಿಂತ ಹೆಚ್ಚು ಬಂದ ಮಾತ್ರಕ್ಕೆ ಅಧಿಕ ರಕ್ತದೊತ್ತಡ ಎಂದು ತೀರ್ಮಾನಿಸುವಂತಿಲ್ಲ. ಮೆಟ್ಟಿಲು ಹತ್ತಿ ಬಂದವರಿಗೆ, ಆಗಷ್ಟೇ ಚಹಾ ಕುಡಿದವರಿಗೆ, ಬಿಳಿ ಕೋಟು ಕಂಡರೇ ಎದೆಬಡಿತ ಏರುವವರಿಗೆ ಅದು ಹೆಚ್ಚಾಗಿಯೇ ಬರುತ್ತದೆ. ಬೇರೆ ದಿನ, ಐದು ನಿಮಿಷ ಕುಳಿತ ಮೇಲೆ, ಮತ್ತೆ ಅಳೆಯಬೇಕು. ಬೆರಳಿನ ರಕ್ತದಲ್ಲಿ ನೋಡಿದ ಶುಗರ್ ಸಂದೇಹಕ್ಕೆ ಆಧಾರವೇ ಹೊರತು ನಿರ್ಣಯಕ್ಕಲ್ಲ. ಖಾಲಿ ಹೊಟ್ಟೆಯ ಪ್ರಯೋಗಾಲಯ ಪರೀಕ್ಷೆಯಲ್ಲಿ 126 ಅಥವಾ ಅದಕ್ಕಿಂತ ಹೆಚ್ಚು, ಇಲ್ಲವೇ ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ 6.5 ಅಥವಾ ಅದಕ್ಕಿಂತ ಹೆಚ್ಚು ಬರಬೇಕು. ಹೀಗೆ ಖಚಿತಪಡಿಸಿಕೊಳ್ಳುವ ಹಂತದಲ್ಲಿಯೇ ಹಲವರು ಕಳಚಿಕೊಳ್ಳುತ್ತಾರೆ. ಖಚಿತವಾದವರಲ್ಲಿ ಕೆಲವರು ಗುಳಿಗೆ ಆರಂಭಿಸುವುದಿಲ್ಲ, ಆರಂಭಿಸಿದವರಲ್ಲಿ ಕೆಲವರು ‘ಈಗ ಆರಾಮಿದೆ’ ಎಂದು ಎರಡನೆಯ ತಿಂಗಳಿಗೇ ಬಿಡುತ್ತಾರೆ. ಬಿಪಿ ನೋವು ಕೊಡುವ ಕಾಯಿಲೆ ಅಲ್ಲವಾದ್ದರಿಂದ ಹೀಗೆ ಬಿಡುವುದು ಸಹಜವೂ ಹೌದು.

ಔಷಧ ದುಬಾರಿ ಎಂಬ ಕಾರಣ ಇಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಮೂವತ್ತು ದಾಟಿದವರಿಗೆ ಬಿಪಿ ಮತ್ತು ಮಧುಮೇಹದ ಜೊತೆಗೆ ಬಾಯಿ, ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಉಚಿತ. ಬಿಪಿ, ಶುಗರಿನ ಸಾಮಾನ್ಯ ಗುಳಿಗೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತವೆ. ತೊಡಕಿರುವುದು ವೇಳೆಯಲ್ಲಿ. ಹೊರರೋಗಿ ವಿಭಾಗ ತೆರೆದಿರುವ ಹೊತ್ತೂ ಕಚೇರಿಯ ಹೊತ್ತೂ ಒಂದೇ. ರಾಯಚೂರು ನಗರದ ಹೊರಗಿನ ಯರಗೇರಾದ ವಿಶ್ವವಿದ್ಯಾಲಯ ಆವರಣದಲ್ಲಿ, ಅಥವಾ ಸಂಡೂರು ತಾಲ್ಲೂಕಿನ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಕೆಲಸ ಮಾಡುವವರು ತಿಂಗಳ ಗುಳಿಗೆಗಾಗಿ ದೊಡ್ಡ ಆಸ್ಪತ್ರೆಗೆ ಹೋಗಿ ಬರಲು ಅರ್ಧ ದಿನದ ರಜೆ ಹಾಕಬೇಕು. ದಿನದ ಹಾಜರಿಯ ಮೇಲೆ ಸಂಬಳ ಪಡೆಯುವವರಿಗೆ ಅದು ಅರ್ಧ ದಿನದ ಕೂಲಿ. ಹೀಗಾಗಿ ವಿಸ್ತರಣೆಯ ಮೊದಲ ವೆಚ್ಚವನ್ನು ಯಂತ್ರೋಪಕರಣಗಳ ಮೇಲೆ ಮಾಡುವುದಕ್ಕಿಂತ, ಆವರಣದ ಆರೋಗ್ಯ ಕೇಂದ್ರದಲ್ಲಿ ಒಬ್ಬ ಶುಶ್ರೂಷಕಿ, ಹೆಸರುವಾರು ಒಂದು ದಾಖಲೆ ಪುಸ್ತಕ, ತಿಂಗಳಿಗೆ ಒಂದು ನಿಶ್ಚಿತ ದಿನ, ಈ ಮೂರಕ್ಕೆ ಮಾಡುವುದು ಲೇಸು. ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಇವೆ. ಪ್ರತಿ ವೈದ್ಯಕೀಯ ಕಾಲೇಜಿನಲ್ಲಿ ಸಮುದಾಯ ವೈದ್ಯಶಾಸ್ತ್ರ ವಿಭಾಗವಿರುತ್ತದೆ, ಇಂಟರ್ನ್ ವೈದ್ಯರಿಗೆ ಅಲ್ಲಿ ಕಡ್ಡಾಯ ತರಬೇತಿಯೂ ಇರುತ್ತದೆ. ತಿಂಗಳಿಗೊಮ್ಮೆ ಆವರಣಕ್ಕೆ ಬಂದು ಗುಳಿಗೆ ಕೊಟ್ಟು, ಅಳೆದು, ಬಾರದವರಿಗೆ ಫೋನು ಮಾಡಿಸುವ ಒಪ್ಪಂದವೊಂದಕ್ಕೆ ಈ ಮೂರೂ ಜಿಲ್ಲೆಗಳಲ್ಲಿ ದಾರಿಯಿದೆ.

ಇನ್ನು ‘ನೌಕರರು’ ಎಂದರೆ ಯಾರು ಎಂಬ ಪ್ರಶ್ನೆ. ಒಂದೇ ಕಾರಿಡಾರಿನಲ್ಲಿ ಕೆಲಸ ಮಾಡುವ ನಾಲ್ವರ ವೈದ್ಯಕೀಯ ರಕ್ಷಣೆ ನಾಲ್ಕು ಬಗೆಯಾಗಿರಬಹುದು. ಕಾಯಂ ಪ್ರಾಧ್ಯಾಪಕರು 1963ರ ಕರ್ನಾಟಕ ಸರ್ಕಾರಿ ನೌಕರರ ವೈದ್ಯಕೀಯ ಹಾಜರಾತಿ ನಿಯಮಗಳ ಮಾದರಿಯಲ್ಲಿ ಮೊದಲು ಕೈಯಿಂದ ಖರ್ಚು ಮಾಡಿ, ಆಮೇಲೆ ಬಿಲ್ಲು ಸಲ್ಲಿಸಿ ಮರುಪಾವತಿ ಪಡೆಯುತ್ತ ಬಂದವರು. ರಾಜ್ಯ ಸರ್ಕಾರಿ ನೌಕರರಿಗೆ 2025ರ ಅಕ್ಟೋಬರ್‌ನಲ್ಲಿ ನಗದುರಹಿತ ಚಿಕಿತ್ಸೆಯ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಜಾರಿಗೆ ಬಂದಿದ್ದರೂ ವಿಶ್ವವಿದ್ಯಾಲಯ ಒಂದು ಸ್ವಾಯತ್ತ ಸಂಸ್ಥೆ. ಸರ್ಕಾರಿ ಇಲಾಖೆಯ ನೌಕರನಿಗೆ ಸಿಗುವುದೆಲ್ಲ ತನ್ನಷ್ಟಕ್ಕೆ ಇಲ್ಲಿಗೂ ಅನ್ವಯವಾಗುತ್ತದೆ ಎಂದು ಭಾವಿಸದೆ, ಯಾವ ಹುದ್ದೆ ಯಾವ ಆದೇಶದ ವ್ಯಾಪ್ತಿಯಲ್ಲಿದೆ ಎಂಬುದನ್ನು ಕುಲಸಚಿವರ ಕಚೇರಿ ಬರಹದಲ್ಲಿ ತಿಳಿಸಬೇಕು. ಅತಿಥಿ ಉಪನ್ಯಾಸಕರ ಸ್ಥಿತಿ ಬೇರೆ. ಪಾಠ ಮಾಡಿದ ಅವಧಿಗೆ ಗೌರವಧನ ಎಂಬ ಲೆಕ್ಕದಲ್ಲಿ ದುಡಿಯುವವರಿಗೆ ಕಾಯಿಲೆ ಬಿದ್ದ ವಾರವೆಂದರೆ ಸಂಬಳವಿಲ್ಲದ ವಾರ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಡಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಎಪಿಎಲ್ ಆದರೆ ಚಿಕಿತ್ಸೆಗೆ ಯೋಜನೆಯಲ್ಲಿ ನಿಗದಿಯಾದ ಪ್ಯಾಕೇಜ್ ದರದ ಶೇ. 30ರಷ್ಟು, ಅದೂ ಒಂದೂವರೆ ಲಕ್ಷದ ಮಿತಿಯಲ್ಲಿ. ಪಿಎಚ್‌ಡಿ ಮಾಡಿದ ಉಪನ್ಯಾಸಕರು ಎಪಿಎಲ್ ಪಟ್ಟಿಯಲ್ಲಿದ್ದು, ವಿಮೆ ಕೊಳ್ಳಲಾರದ ವರಮಾನದಲ್ಲಿರುವುದು ಅಪರೂಪವಲ್ಲ.

ಹೊರಗುತ್ತಿಗೆಯ ಸ್ವಚ್ಛತಾ ಕಾರ್ಮಿಕರು, ಕಾವಲುಗಾರರು, ತೋಟದ ಕೆಲಸದವರು, ಡೇಟಾ ಎಂಟ್ರಿ ಆಪರೇಟರ್‌ಗಳ ವಿಷಯದಲ್ಲಿ ಸೌಲಭ್ಯ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಅದು ಕಾಗದದ ಮೇಲೆ ಗಟ್ಟಿಯಾಗಿಯೇ ಇದೆ. ತಿಂಗಳ ವೇತನ 21,000 ರೂಪಾಯಿ ಮೀರದ ಕಾರ್ಮಿಕರಿಗೆ ನೌಕರರ ರಾಜ್ಯ ವಿಮಾ ಯೋಜನೆ (ಇಎಸ್‌ಐ) ಅನ್ವಯಿಸುತ್ತದೆ. ಕಾರ್ಮಿಕರ ವಂತಿಗೆ ಶೇ. 0.75, ಮಾಲೀಕರದು ಶೇ. 3.25. ಹದಿನೈದು ಸಾವಿರ ಸಂಬಳಕ್ಕೆ ಇದು ಕ್ರಮವಾಗಿ ಸುಮಾರು 113 ಮತ್ತು 488 ರೂಪಾಯಿ. ಇಷ್ಟಕ್ಕೆ ಕುಟುಂಬಕ್ಕೆ ಚಿಕಿತ್ಸೆ, ವಂತಿಗೆಯ ದಿನಗಳ ಷರತ್ತು ಪೂರೈಸಿದವರಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ವೇತನದ ಶೇ. 70, ಹೆರಿಗೆಗೆ 26 ವಾರಗಳ ವೇತನ ದೊರೆಯುತ್ತವೆ. ಬಹಳಷ್ಟು ಕಾಯಂ ನೌಕರರಿಗೂ ಇಲ್ಲದ ನಗದುರಹಿತ ಚಿಕಿತ್ಸೆ ಇದು. ಆದರೆ ಏಜೆನ್ಸಿ ವಂತಿಗೆ ಕಟ್ಟಿದೆಯೇ, ಪ್ರತಿಯೊಬ್ಬರಿಗೂ ವಿಮಾ ಸಂಖ್ಯೆ ಬಂದಿದೆಯೇ, ಏಜೆನ್ಸಿ ಬದಲಾದಾಗ ಹಳೆಯ ಸಂಖ್ಯೆಯನ್ನೇ ಮುಂದುವರಿಸಲಾಯಿತೇ, ಹೆಂಡತಿ ಮಕ್ಕಳ ಹೆಸರು ಸೇರಿದೆಯೇ ಎಂದು ವಿಚಾರಿಸುವವರು ಬೇಕು. ಗುತ್ತಿಗೆದಾರ ಕಟ್ಟದಿದ್ದರೆ ಮೂಲ ಮಾಲೀಕನ ಮೇಲೆ ಹೊಣೆ ಬರುತ್ತದೆ ಎಂಬುದು ಇಎಸ್‌ಐ ಕಾನೂನಿನಲ್ಲಿ ಆರಂಭದಿಂದಲೂ ಇರುವ ತತ್ವ. ಇಲ್ಲಿ ಮೂಲ ಮಾಲೀಕ ಎಂದರೆ ವಿಶ್ವವಿದ್ಯಾಲಯವೇ. ವರ್ಷಕ್ಕೊಂದು ದಿನ ಶಿಬಿರದ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿ, ಈ ವಿಮಾ ಸಂಖ್ಯೆಗಳನ್ನು ಪರಿಶೀಲಿಸಿ ಕೊಟ್ಟರೆ, ಬಿಪಿ ನೋಡಿದ್ದಕ್ಕಿಂತ ಅದೇ ಹೆಚ್ಚಿನ ಆರೋಗ್ಯ ಸೇವೆಯಾದೀತು.

ನಮ್ಮ ಬಿಸಿಲನ್ನು ಬಿಟ್ಟು ಇಲ್ಲಿನ ನೌಕರರ ಆರೋಗ್ಯದ ಮಾತು ಪೂರ್ಣವಾಗದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಕೆಲಸ ಮಾಡುವಂತೆ ಸರ್ಕಾರ ಆದೇಶ ಹೊರಡಿಸುವ ರೂಢಿಯಿದೆ. ಉಷ್ಣಾಂಶ 40 ಡಿಗ್ರಿ ದಾಟುವ ಊರುಗಳಿಗೆ ಅದು ವಿವೇಕದ ಕ್ರಮ. ಆದರೆ ಫ್ಯಾನಿನ ಕೆಳಗೆ ಕೂರುವವರ ವೇಳೆ ಬದಲಾಗಿ, ಗೇಟಿನಲ್ಲಿ ನಿಲ್ಲುವ ಕಾವಲುಗಾರರ ಪಾಳಿ ಮತ್ತು ಗಿಡಗಳಿಗೆ ನೀರು ಬಿಡುವವರ ವೇಳೆ ಹಾಗೆಯೇ ಉಳಿದರೆ ಆದೇಶದ ಉದ್ದೇಶ ತಲೆಕೆಳಗಾಗುತ್ತದೆ. ಬಿಸಿಲಿನಲ್ಲಿ ದುಡಿಯುವವರಿಗೆ ಹದಿನೈದಿಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ ನೀರು, ನೆರಳಿನಲ್ಲಿ ವಿರಾಮ, ಹೊಸದಾಗಿ ಸೇರಿದವರಿಗೆ ಮೈ ಒಗ್ಗಿಕೊಳ್ಳಲು ಒಂದೆರಡು ವಾರ ಹಗುರ ಕೆಲಸ ಇವು ದೊಡ್ಡ ಖರ್ಚಿನ ಬಾಬತ್ತುಗಳಲ್ಲ. ಮಾತು ತಡವರಿಸಿ, ಮೈ ಕಾದು, ಪ್ರಜ್ಞೆ ಮಂಕಾದರೆ ಅದು ಸುಸ್ತು ಅಲ್ಲ, ಉಷ್ಣಾಘಾತ. ನೆರಳಿಗೆ ಒಯ್ದು ಮೈಗೆ ನೀರು ಸುರಿದು ಗಾಳಿ ಹಾಕುತ್ತಲೇ 108ಕ್ಕೆ ಕರೆ ಮಾಡಬೇಕು ಎಂಬುದನ್ನು ಆವರಣದ ಪ್ರತಿಯೊಬ್ಬ ಮೇಲ್ವಿಚಾರಕರಿಗೂ ಕಲಿಸಿರಬೇಕು.

ಹೆಚ್ಚು ನೀರು ಕುಡಿಯಿರಿ ಎನ್ನುವ ಮೊದಲು ಯಾವ ನೀರು ಎಂಬ ಪ್ರಶ್ನೆಯೂ ಏಳುತ್ತದೆ. ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದಲ್ಲಿ 1.5ರವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕ ಕೂರಿಸಿದ ಆವರಣಗಳಲ್ಲಿಯೂ ಅದರ ಪೊರೆ ಬದಲಿಸಿದ್ದು ಯಾವಾಗ, ನೀರನ್ನು ಪರೀಕ್ಷಿಸಿದ್ದು ಯಾವಾಗ ಎಂಬ ಎರಡು ದಿನಾಂಕಗಳನ್ನು ಘಟಕದ ಮೇಲೆಯೇ ಬರೆದಿಡುವುದು ಆರೋಗ್ಯ ಕಾರ್ಯಕ್ರಮದ ಭಾಗವಾಗಬೇಕು. ಮಹಿಳಾ ಸಿಬ್ಬಂದಿಗೆ ಶೌಚಾಲಯ ಹತ್ತಿರವಿಲ್ಲದಿದ್ದರೆ ಅವರು ನೀರನ್ನೇ ಕಡಿಮೆ ಕುಡಿಯುತ್ತಾರೆ. ಮೂತ್ರದ ಸೋಂಕು, ಕಲ್ಲಿನ ತೊಂದರೆಗಳಿಗೆ ಕಾರಣ ಅಲ್ಲಿಯೂ ಇರುತ್ತದೆ. ರಾಜ್ಯ ಸರ್ಕಾರ 2025ರಲ್ಲಿ ಒಪ್ಪಿಗೆ ನೀಡಿದ ತಿಂಗಳಿಗೊಂದು ದಿನದ ಸವೇತನ ಋತುಚಕ್ರ ರಜೆ ಸ್ವಾಗತಾರ್ಹವೇ. ಉಳಿದ ದಿನಗಳಿಗೆ ಬಾಗಿಲು ಮುಚ್ಚುವ, ನೀರು ಬರುವ ಶೌಚಾಲಯ ಬೇಕು.

ಮಾನಸಿಕ ಆರೋಗ್ಯದ ವಿಷಯಕ್ಕೆ ಬಂದರೆ, ಬಳ್ಳಾರಿಯವರು ಹೊರಗಿನ ಮಾದರಿ ಹುಡುಕಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 1980ರ ದಶಕದ ನಡುವಿನಲ್ಲಿ ಬಳ್ಳಾರಿ ಜಿಲ್ಲೆಯನ್ನು ಆಯ್ದುಕೊಂಡು, ಮನೋವೈದ್ಯರಿಲ್ಲದ ಕಡೆ ಮಾನಸಿಕ ಕಾಯಿಲೆಗೆ ಆರೈಕೆ ಒದಗಿಸಬಹುದೇ ಎಂದು ಪರೀಕ್ಷಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಅಲ್ಪಾವಧಿಯ ತರಬೇತಿ, ಬೆರಳೆಣಿಕೆಯ ಅಗತ್ಯ ಔಷಧಗಳು, ಸರಳ ದಾಖಲೆ, ಜಿಲ್ಲಾ ಮಟ್ಟದಲ್ಲಿ ನಿಯಮಿತ ಪರಿಶೀಲನೆ — ಇಷ್ಟೇ ಅದರ ತಿರುಳು. ಇದು ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ದೇಶದ ನಾಲ್ಕು ಜಿಲ್ಲೆಗಳಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಪೂರ್ಣಾವಧಿ ಆಪ್ತಸಮಾಲೋಚಕರ ಹುದ್ದೆ ಮಂಜೂರಾಗಲಿ ಎಂದು ಕಾಯುತ್ತ ಕೂರುವ ವಿಶ್ವವಿದ್ಯಾಲಯಕ್ಕೆ ಈ ಮಾದರಿ ಹೇಳುವುದು ಸ್ಪಷ್ಟ. ವಿಭಾಗಕ್ಕೊಬ್ಬರಂತೆ ನಂಬಿಕೆಯ ಸಿಬ್ಬಂದಿಗೆ ಖಿನ್ನತೆ, ಕುಡಿತದ ಚಟ, ಆತ್ಮಹತ್ಯೆಯ ಸುಳಿವುಗಳನ್ನು ಗುರುತಿಸುವ ತರಬೇತಿ ಕೊಟ್ಟು, ಮುಂದೆ ಯಾರ ಬಳಿ ಕಳಿಸಬೇಕೆಂಬ ದಾರಿಯನ್ನು ಮೊದಲೇ ನಿಶ್ಚಯಿಸಿದರೆ ಕೆಲಸ ಆರಂಭವಾಗುತ್ತದೆ. ಜಿಲ್ಲೆಯ ಮಾನಸಿಕ ಆರೋಗ್ಯ ತಂಡವಿದೆ, ಕನ್ನಡದಲ್ಲಿ ಮಾತಾಡಬಹುದಾದ ಟೆಲಿಮನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ಸಿಗುತ್ತದೆ.

ಗೋಪ್ಯತೆ ಮುರಿದಲ್ಲಿ ಮಾತ್ರ ಈ ಇಡೀ ವ್ಯವಸ್ಥೆ ಒಂದೇ ದಿನದಲ್ಲಿ ಕುಸಿಯುತ್ತದೆ. ಸಣ್ಣ ಊರು, ಸಣ್ಣ ಆವರಣ; ಯಾರು ಯಾರ ಬಾಗಿಲು ತಟ್ಟಿದರೆಂಬುದು ಸಂಜೆಯ ಚಹಾದ ಹೊತ್ತಿಗೆ ಎಲ್ಲರಿಗೂ ಗೊತ್ತಿರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಗೋಪ್ಯತೆಯನ್ನು ಹಕ್ಕು ಎಂದು ಹೇಳುತ್ತದೆ. ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಷ್ಟೇ ವಿಮಾ ರಕ್ಷಣೆ ಇರಬೇಕೆಂದೂ ಹೇಳುತ್ತದೆ. ಆದ್ದರಿಂದ ಸಮಾಲೋಚನೆಯ ಕೋಣೆ ಆಡಳಿತ ಕಟ್ಟಡದಲ್ಲಿ ಇರಕೂಡದು, ಹೆಸರುಗಳ ಪಟ್ಟಿ ಕುಲಸಚಿವರ ಮೇಜಿಗೆ ಹೋಗಕೂಡದು, ವರ್ಷದ ಕೊನೆಗೆ ಸಂಖ್ಯೆಯಷ್ಟೇ ವರದಿಯಾಗಬೇಕು. ಶಿಬಿರದ ಬಿಪಿ, ಶುಗರಿನ ಫಲಿತಾಂಶಗಳಿಗೂ ಇದೇ ನಿಯಮ ಸಲ್ಲುತ್ತದೆ. ಸಹಿಪಟ್ಟಿಯಲ್ಲಿಯೇ ಹೆಸರಿನ ಮುಂದೆ ಶುಗರ್ ಎಷ್ಟೆಂದು ಬರೆದಿಡುವ ಪರಿಪಾಠವನ್ನು ಈಗಲೇ ನಿಲ್ಲಿಸಬಹುದು.

ಇನ್ನೂ ಒಂದು ಮಾತನ್ನು ಆಡಳಿತದವರು ಇಷ್ಟಪಡಲಿಕ್ಕಿಲ್ಲ. ಬ್ರಿಟನ್ನಿನಲ್ಲಿ 233 ಸಂಸ್ಥೆಗಳ ನಲವತ್ತಾರು ಸಾವಿರಕ್ಕೂ ಹೆಚ್ಚು ನೌಕರರ ಮಾಹಿತಿಯನ್ನು ಆಧರಿಸಿ 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒತ್ತಡ ನಿರ್ವಹಣೆ, ಧ್ಯಾನ, ಆ್ಯಪ್‌ಗಳಂತಹ ವ್ಯಕ್ತಿಗತ ಕ್ರಮಗಳಲ್ಲಿ ಭಾಗವಹಿಸಿದವರ ಸ್ವಾಸ್ಥ್ಯ ಭಾಗವಹಿಸದವರಿಗಿಂತ ಉತ್ತಮವಾಗಿದ್ದದ್ದು ಕಾಣಲಿಲ್ಲ. ಒತ್ತಡದ ಮೂಲ ಕೆಲಸದಲ್ಲಿಯೇ ಇದ್ದಾಗ ಪ್ರಾಣಾಯಾಮ ಎಷ್ಟು ದೂರ ಕೈಹಿಡಿದೀತು? ಮೂರು ಹುದ್ದೆಯ ಕೆಲಸ ಒಬ್ಬರೇ ನಿಭಾಯಿಸುವ ಸೆಕ್ಷನ್, ತಿಂಗಳುಗಟ್ಟಲೆ ತಡವಾಗುವ ಗೌರವಧನ, ಪರೀಕ್ಷಾ ವಿಭಾಗದಲ್ಲಿ ಫಲಿತಾಂಶದ ದಿನಗಳ ರಾತ್ರಿ ಪಾಳಿ ಇವನ್ನು ಸರಿಪಡಿಸುವ ಅಧಿಕಾರ ಯೋಗ ಶಿಕ್ಷಕರಿಗಿಲ್ಲ, ಹಣಕಾಸು ಅಧಿಕಾರಿಗೂ ಕುಲಸಚಿವರಿಗೂ ಇದೆ. ಗೌರವಧನ ಪ್ರತಿ ತಿಂಗಳು ನಿಶ್ಚಿತ ದಿನಾಂಕಕ್ಕೆ ಪಾವತಿಯಾಗುವಂತೆ ಮಾಡುವುದನ್ನು ಆರೋಗ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೇರಿಸಲು ನನಗೇನೂ ಸಂಕೋಚವಿಲ್ಲ.

ಕ್ಯಾಂಟೀನು, ತಂಬಾಕಿನ ವಿಷಯ ಚುಟುಕಾಗಿ ಮುಗಿಯುತ್ತದೆ. ಜೋಳದ ರೊಟ್ಟಿ, ಕಾಳಿನ ಪಲ್ಯ ನಮ್ಮ ಮನೆಗಳ ಊಟವಾಗಿದ್ದೂ ಆವರಣದಲ್ಲಿ ಬೆಳಗಿನಿಂದ ಸಂಜೆವರೆಗೆ ಸಿಗುವುದು ಒಗ್ಗರಣಿ-ಮಿರ್ಚಿಯೇ ಆದರೆ ಅದು ರುಚಿಯ ತಪ್ಪಲ್ಲ, ಕ್ಯಾಂಟೀನ್ ಟೆಂಡರಿನಲ್ಲಿ ರೊಟ್ಟಿ ಊಟವನ್ನು ಕೇಳದೇ ಹೋದ ತಪ್ಪು. ಶಿಕ್ಷಣ ಸಂಸ್ಥೆಯ ನೂರು ಗಜದೊಳಗೆ ತಂಬಾಕು ಮಾರಾಟವನ್ನು 2003ರ ತಂಬಾಕು ನಿಯಂತ್ರಣ ಕಾಯಿದೆಯೇ (ಕೋಟ್ಪಾ) ನಿಷೇಧಿಸಿದೆ. ಗೇಟಿನೆದುರಿನ ಗೂಡಂಗಡಿಯಲ್ಲಿ ಗುಟ್ಕಾ ಮಾಲೆ ತೂಗುತ್ತಿರುವಾಗ ಒಳಗೆ ಬಾಯಿ ಕ್ಯಾನ್ಸರ್ ತಪಾಸಣೆ ನಡೆಸುವುದು ವ್ಯಂಗ್ಯ.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಪೂರ್ತಿ ಹೊಸ ಅನುದಾನದಲ್ಲಿಲ್ಲ. ಕೊಪ್ಪಳದಂತಹ ಹೊಸ ವಿಶ್ವವಿದ್ಯಾಲಯಗಳು ಸ್ವಂತ ಆಸ್ಪತ್ರೆ ಕಟ್ಟುವ ಯೋಚನೆಗೆ ಬೀಳುವುದಕ್ಕಿಂತ, ಈಗಾಗಲೇ ಇರುವ ವೈದ್ಯಕೀಯ ಕಾಲೇಜು, ಪ್ರಾಥಮಿಕ ಆರೋಗ್ಯ ಕೇಂದ್ರ, ಇಎಸ್‌ಐ ಇವನ್ನು ನೌಕರರಿಗೆ ತಲುಪಿಸುವ ಒಬ್ಬ ಸಮನ್ವಯಾಧಿಕಾರಿಯನ್ನು ನೇಮಿಸುವುದು ಕಡಿಮೆ ಖರ್ಚಿನ, ಹೆಚ್ಚು ಉಪಯೋಗದ ದಾರಿ. ಆ ಅಧಿಕಾರಿ ವರ್ಷದ ಕೊನೆಗೆ ಸಿಂಡಿಕೇಟ್ ಮುಂದೆ ಇಡಬೇಕಾದ ಲೆಕ್ಕವೂ ಬೇರೆಯಾಗಬೇಕು: ಬಿಪಿ ಹೆಚ್ಚು ಬಂದವರಲ್ಲಿ ಎರಡನೆಯ ಬಾರಿ ಅಳತೆ ಆದವರೆಷ್ಟು, ಚಿಕಿತ್ಸೆ ಆರಂಭಿಸಿದವರೆಷ್ಟು, ಆರು ತಿಂಗಳ ನಂತರ 140/90ರ ಕೆಳಗೆ ಇಳಿದವರೆಷ್ಟು, ಹೊರಗುತ್ತಿಗೆಯವರಲ್ಲಿ ಚಾಲ್ತಿಯಲ್ಲಿರುವ ಇಎಸ್‌ಐ ಸಂಖ್ಯೆ ಉಳ್ಳವರೆಷ್ಟು. ಈ ಅಂಕಿಗಳನ್ನು ಕಾಯಂ, ಅತಿಥಿ, ಹೊರಗುತ್ತಿಗೆ ಎಂದು ಬೇರೆಬೇರೆಯಾಗಿಯೇ ಕೊಡಬೇಕು, ಇಲ್ಲವಾದರೆ ಸರಾಸರಿಯಲ್ಲಿ ಕಾವಲುಗಾರ ಮತ್ತೆ ಕಾಣೆಯಾಗುತ್ತಾನೆ. ಹೊರಗುತ್ತಿಗೆ ಏಜೆನ್ಸಿಯ ಮುಂದಿನ ಟೆಂಡರ್ ಪ್ರಕಟಣೆಗೆ ಮುನ್ನ ಷರತ್ತುಗಳ ಕರಡಿನಲ್ಲಿ ಎರಡು ಸಾಲು ಸೇರಿಸಬಹುದು: ಹಿಂದಿನ ತಿಂಗಳ ಇಎಸ್‌ಐ ಪಾವತಿಯ ಹೆಸರುವಾರು ರಸೀದಿ ಲಗತ್ತಿಸದೆ ಬಿಲ್ಲು ಮಂಜೂರಾಗದು, ತಿಂಗಳ ತಪಾಸಣೆಯ ದಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಬರುವ ಹೊತ್ತನ್ನು ಹಾಜರಿಯೆಂದೇ ಪರಿಗಣಿಸತಕ್ಕದ್ದು.